ಸಂಜೆ 4ರಿಂದ 6ಕ್ಕೆ ಎಲ್ಲ ಮಕ್ಕಳೂ ಸೇರೋ ಗುಂಪು ಜಿಮ್ನಾಸ್ಟಿಕ್ಸ್: ನಮ್ಮ ಕ್ಲಬ್ಬಲ್ಲಿ ಆಗುತ್ತಾ?

ತುಂಗಾದಡ (ಭಾನುವಾರ ರಾತ್ರಿ)

ನಮಸ್ಕಾರ ಎಲ್ರಿಗೂ. ಶಿವಮೊಗ್ಗದ ವಿನೋಬನಗರದ ಕಡೆ ಇರೋ ನಮ್ಮ ಕ್ಲಬ್ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಬೆಳಿಗ್ಗೆ ಯೋಗ, ಸಂಜೆ ಆರರ ಮೇಲೆ ಶಟಲ್, ಒಳರೂಮಲ್ಲಿ ಹಿರಿಯರ ಕೇರಂ. ಸಂಜೆ 4ರಿಂದ 6ರ ತನಕ ಮಾತ್ರ ಹಾಲ್ ಖಾಲಿ, ವಾಚ್‌ಮನ್ ಅಲ್ಲಿ ಬಟ್ಟೆ ಒಣಗಿಸ್ತಾನೆ. ಆ ಹೊತ್ತಲ್ಲಿ ಮಕ್ಕಳಿಗೆ ಏನಾದ್ರೂ ಶುರು ಮಾಡೋಣ ಅಂತ ಕಮಿಟಿಯಲ್ಲಿ ಮಾತು ಬಂತು. ಕ್ರಿಕೆಟ್ ಕೋಚಿಂಗ್ ಊರಲ್ಲಿ ಬೇಕಾದಷ್ಟಿದೆ, ಕರಾಟೆ ಬೀದಿಗೊಂದಿದೆ. ನಾನು ಜಿಮ್ನಾಸ್ಟಿಕ್ಸ್ ಅಂದೆ. ಎಲ್ರೂ ನಕ್ಕರು.

ನಾನು ಹೇಳ್ತಿರೋದು ಒಲಿಂಪಿಕ್ಸಲ್ಲಿ ನೋಡೋ ಥರದ್ದಲ್ಲ. ಟೀಮ್‌ಜಿಮ್ ಅಂತ ಒಂದಿದೆ, ಸ್ವೀಡನ್, ಡೆನ್ಮಾರ್ಕ್, ನಾರ್ವೆ ಕಡೆ ಬೆಳೆದಿದ್ದು. 1996ರಲ್ಲಿ ಫಿನ್ಲೆಂಡಿನಲ್ಲಿ ಮೊದಲ ಯುರೋಪಿಯನ್ ಚಾಂಪಿಯನ್‌ಷಿಪ್ ಆಯ್ತು, ಈಗ ಎರಡು ವರ್ಷಕ್ಕೊಮ್ಮೆ ನಡೆಯುತ್ತೆ. ಅದರಲ್ಲಿ ಒಬ್ಬೊಬ್ಬರಿಗೆ ಅಂಕ ಅನ್ನೋದೇ ಇಲ್ಲ, ಬಂದಿದ್ದೆಲ್ಲ ತಂಡಕ್ಕೆ. ಮೂರು ಭಾಗ. ನೆಲದ ಮೇಲೆ ಸಂಗೀತಕ್ಕೆ ಇಡೀ ತಂಡ ಒಟ್ಟಿಗೆ ಮಾಡೋದು. ಉದ್ದನೆ ಟ್ರ್ಯಾಕ್ ಮೇಲೆ ಒಬ್ಬರ ಹಿಂದೊಬ್ಬರು ಲಾಗ ಹಾಕ್ಕೊಂಡು ಹೋಗೋದು. ಇನ್ನೊಂದು, ಓಡಿ ಬಂದು ಟ್ರ್ಯಾಂಪೆಟ್ ಅನ್ನೋ ಚಿಕ್ಕ ಸ್ಪ್ರಿಂಗ್ ಚೌಕದ ಮೇಲಿಂದ ಹಾರೋದು. ಹುಡುಗ ಹುಡುಗಿಯರು ಸೇರಿದ ಮಿಶ್ರ ತಂಡಕ್ಕೂ ಅದರಲ್ಲಿ ಜಾಗ ಇದೆ.

ಸ್ಪರ್ಧೆಯೂ ಬೇಡ ಅನ್ನೋರಿಗೆ ಜಿಮ್ನಾಸ್ಟ್ರಾಡ ಅಂತ ಲೋಕಮಟ್ಟದ ಜಾತ್ರೆ ಇದೆ. 1953ರಲ್ಲಿ ರಾಟರ್‌ಡ್ಯಾಮಲ್ಲಿ ಶುರುವಾಗಿದ್ದು, ನಾಲ್ಕು ವರ್ಷಕ್ಕೊಮ್ಮೆ, 2023ರದ್ದು ಆಮ್‌ಸ್ಟರ್‌ಡ್ಯಾಮಲ್ಲಿ ಆಯ್ತು. ಅಲ್ಲಿ ಗೆದ್ದೋರು ಸೋತೋರು ಇಲ್ಲ. ಮೊಮ್ಮಕ್ಕಳಿರೋ ಅಜ್ಜಿಯರೂ ತಂಡ ಕಟ್ಟಿಕೊಂಡು ಬರ್ತಾರೆ.

ನನ್ನ ಆಸೆ ಇಷ್ಟೇ. ದಸರಾ ರಜೆ ಮುಗಿದ ಮೇಲೆ ವಾರಕ್ಕೆ ಎರಡು ದಿನ, 8ರಿಂದ 14 ವರ್ಷದ ಮಕ್ಕಳು, ಹನ್ನೆರಡು ಜನ. ಅದರಲ್ಲಿ ಮೂರ್ನಾಲ್ಕು ಜನ ವಿಶೇಷ ಚೇತನ ಮಕ್ಕಳು. ಬೇರೆ ಬ್ಯಾಚ್ ಅಲ್ಲ, ಅದೇ ತಂಡ. ಫೆಬ್ರವರಿಯಲ್ಲಿ ಕ್ಲಬ್ ವಾರ್ಷಿಕೋತ್ಸವಕ್ಕೆ ಒಂದು ಐಟಂ. ಮೊದಲ ದಿನ ಎಲ್ರಿಗೂ ಫಾರ್ವರ್ಡ್ ರೋಲ್, ಅಂದ್ರೆ ಮುಂದಕ್ಕೆ ಲಾಗ, ಹೇಳಿಕೊಟ್ಟು ಶುರು ಮಾಡೋದು ಅಂದ್ಕೊಂಡಿದ್ದೀನಿ. ಏನಂತೀರಿ?

ಲೆಕ್ಕದವ (ಭಾನುವಾರ ರಾತ್ರಿ)

ಕಮಿಟಿಯಲ್ಲಿ ನಕ್ಕವರಲ್ಲಿ ನಾನೂ ಒಬ್ಬ. ನಕ್ಕಿದ್ದು ಐಡಿಯಾಕ್ಕಲ್ಲ, ಕ್ಲಬ್ ಪಾಸ್‌ಬುಕ್ ನೆನೆಸಿಕೊಂಡು. ಹೋದ ಮಳೆಗಾಲದಲ್ಲಿ ಸೋರಿದ ಶೀಟು ಇನ್ನೂ ಹಂಗೇ ಇದೆ.

ಗರಡಿಮನೆ (ಸೋಮವಾರ ಬೆಳಿಗ್ಗೆ)

ಅಲ್ಲ ಮಾರಾಯ್ರೆ, ಲಾಗ ಹಾಕೋದು ಕಲಿಯೋಕೆ ಫಿನ್ಲೆಂಡಿಗೆ ಹೋಗಬೇಕಾ? ಮಾನಸೋಲ್ಲಾಸದಲ್ಲಿ ಮಲ್ಲಸ್ತಂಭದ, ಅಂದ್ರೆ ನಮ್ಮ ಮಲ್ಲಕಂಬದ ಮಾತಿದೆ. ಬರೆಸಿದ್ದು ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ, 12ನೇ ಶತಮಾನ. ನಮ್ಮ ನೆಲದ ದೊರೆ. ಗದಗ, ಬಾಗಲಕೋಟೆ ಕಡೆ ಹುಡುಗರು ಇವತ್ತಿಗೂ ಹರಳೆಣ್ಣೆ ಸವರಿದ ಕಂಬದ ಮೇಲೆ ಆಡೋದು ನೋಡಿದ್ರೆ ನಿಮ್ಮ ಟ್ರ್ಯಾಂಪೆಟ್ಟು ಆಟಿಕೆ ಅನ್ಸುತ್ತೆ. ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲೂ ಮಲ್ಲಕಂಬ ಸೇರಿದೆ. ಕಂಬ ನೆಡಿ, ನಾನೇ ಬಂದು ಹೇಳಿಕೊಡ್ತೀನಿ. ದುಡ್ಡು ಬೇಡ, ಒಂದು ಲೋಟ ಹಾಲು ಸಾಕು.

ತುಂಗಾದಡ (ಸೋಮವಾರ ಬೆಳಿಗ್ಗೆ)

ಹಾಲು ಕೊಡೋಣ ಅಣ್ಣ, ಅದಕ್ಕೆ ಲೆಕ್ಕದವರ ಸಹಿ ಬೇಡ. ಆದ್ರೆ ಕಂಬದ ಮೇಲೆ ಒಂದು ಸಲಕ್ಕೆ ಹೆಚ್ಚಂದ್ರೆ ಎಷ್ಟು ಜನ? ಉಳಿದ ಹತ್ತು ಮಕ್ಕಳು ಕೆಳಗೆ ಕೂತು ನೋಡ್ತಾರೆ. ಕಾಲಿಂದ ಕಂಬ ಹಿಡಿಯೋಕಾಗದ ಮಗು ಯಾವಾಗ್ಲೂ ನೋಡ್ತಾನೇ ಇರುತ್ತೆ. ನನಗೆ ಬೇಕಿರೋದು ಕೂತು ನೋಡೋ ಮಗು ಒಂದೂ ಇಲ್ಲದ ಆಟ.

ಪಲ್ಟಿರಾಜ (ಸೋಮವಾರ ಮಧ್ಯಾಹ್ನ)

ಬ್ರೋ ನಾನು ಬರ್ಲಾ? ಬೇಸಿಗೇಲಿ ಹೊಳೆ ಮರಳಲ್ಲಿ ಬ್ಯಾಕ್‌ಫ್ಲಿಪ್ ಹೊಡಿತೀನಿ. ಡಬಲ್‌ಗೆ ಟ್ರೈ ಮಾಡ್ತಿದೀನಿ. ಟ್ರ್ಯಾಂಪೆಟ್ ತಗೊಂಡ್ರೆ ಫಸ್ಟ್ ನಂಗೆ ಹೇಳಿ 🙏

ಪಿಟಿ ಮೇಷ್ಟ್ರು (ಸೋಮವಾರ ಸಂಜೆ)

ಮೂವತ್ತು ವರ್ಷ ಹೊಸನಗರ, ತೀರ್ಥಹಳ್ಳಿ ಕಡೆ ಶಾಲೆಗಳಲ್ಲಿ ವಿಸಿಲ್ ಊದಿದವನು. ಈಗ ನಿವೃತ್ತ. ಸ್ವಲ್ಪ ಉದ್ದ ಬರೆದ್ರೆ ಬೇಜಾರಾಗಬೇಡಿ.

ಮೊದಲು ಪಲ್ಟಿರಾಜನಿಗೆ. ತಮ್ಮಾ, ಡಬಲ್ ಬಿಡು. ಸಿಂಗಲ್ ಹೊಡೆದಾಗ ಹೆಂಗೆ ಇಳಿತೀಯ? ಬೀಳೋದು ಕಲಿತವನಿಗೆ ಮಾತ್ರ ಹಾರೋಕೆ ಬಿಡಬೇಕು. ಹಿಂದಕ್ಕೆ ಬೀಳೋವಾಗ ಎಲ್ಲ ಮಕ್ಕಳೂ ಕೈಯನ್ನ ಹಿಂದೆ ಊರ್ತವೆ. ಮಣಿಕಟ್ಟು, ಮೊಣಕೈ ಮುರಿಯೋದೇ ಅಲ್ಲಿ. ಕೈ ಮುಂದೆ ಇಟ್ಟುಕೊಂಡು, ಗಲ್ಲ ಎದೆಗೆ ತಂದು, ಕುಂಡೆ ಮೇಲೆ ಕೂತು ಬೆನ್ನಿಗೆ ಉರುಳೋದನ್ನ ನಾನು ಒಂದು ತಿಂಗಳು ಮಾಡಿಸ್ತಿದ್ದೆ. ನಮ್ಮ ಕಾಲದಲ್ಲಿ ಮ್ಯಾಟ್ ಎಲ್ಲಿತ್ತು? ಗದ್ದೆ ಕೊಯ್ಲು ಮುಗಿದ ಮೇಲೆ ಹುಲ್ಲಿನ ಬಣವೆ ಮೇಲೆ ಕಲಿತಿದ್ದು. ಮನೆಗೆ ಹೋದ್ರೆ ಮೈಯೆಲ್ಲ ತುರಿಕೆ, ಅಮ್ಮನ ಬೈಗುಳ ಬೇರೆ.

ಇನ್ನು ತುಂಗಾದಡ ಅವರಿಗೆ. ಟ್ರ್ಯಾಂಪೆಟ್ ಮೊದಲ ವರ್ಷ ಬೇಡವೇ ಬೇಡ. ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲಿ ಟ್ರ್ಯಾಂಪೊಲಿನ್, ಅಂದ್ರೆ ಈ ಟ್ರ್ಯಾಂಪೆಟ್ಟಿನ ದೊಡ್ಡಣ್ಣನ ಬಗ್ಗೆ ಹೇಳಿಕೆ ಹೊರಡಿಸಿತ್ತು. ಏಟುಗಳಲ್ಲಿ ಮುಕ್ಕಾಲು ಭಾಗ ಆಗೋದು ಒಂದೇ ಸಲಕ್ಕೆ ಒಬ್ಬರಿಗಿಂತ ಹೆಚ್ಚು ಮಕ್ಕಳು ಹತ್ತಿದಾಗ ಅಂತ ಅದರಲ್ಲಿದೆ. ಹನ್ನೆರಡು ಮಕ್ಕಳು, ಒಂದು ಸ್ಪ್ರಿಂಗ್, ಒಬ್ಬ ಮೇಷ್ಟ್ರು ಅಂದ್ರೆ ಎಂತ ಆಗುತ್ತೆ ನೀವೇ ಯೋಚನೆ ಮಾಡಿ. ಟೀಮ್‌ಜಿಮ್ ಸ್ಪರ್ಧೆಯಲ್ಲೂ ಇಳಿಯೋ ಕಡೆ ತರಬೇತುದಾರರು ನಿಂತಿರ್ತಾರೆ, ಹಿಡಿಯೋಕೆ.

ಅದರ ಬದಲು ಮರದ ಬೆಂಚು. ಶಾಲೆಯಲ್ಲಿ ಇರುತ್ತಲ್ಲ, ಮೊಣಕಾಲೆತ್ತರದ್ದು. ಹತ್ತಿ ನಿಂತು ಹಾರಿ, ಎರಡೂ ಕಾಲಲ್ಲಿ ಮಂಡಿ ಬಗ್ಗಿಸಿ ಇಳಿಯೋದು. ನೋಡೋಕೆ ಏನೂ ಅಲ್ಲ. ಹನ್ನೆರಡು ಜನ ಒಂದೇ ತಾಳಕ್ಕೆ ಒಬ್ಬರ ಹಿಂದೊಬ್ಬರು ಅದನ್ನೇ ಮಾಡಿದ್ರೆ ನೋಡಿ, ರೋಮಾಂಚನ ಆಗುತ್ತೆ.

ಪಿರಮಿಡ್ ಬಗ್ಗೆಯೂ ಒಂದು ಮಾತು. ಆಗಸ್ಟ್ 15 ಬಂದ್ರೆ ಪ್ರತಿ ಶಾಲೆಯಲ್ಲೂ ಮೂರು ನಾಲ್ಕು ಅಂತಸ್ತು ಕಟ್ಟೋ ಹುಚ್ಚು. ನಾನೂ ಕಟ್ಟಿಸಿದ್ದೀನಿ, ಒಂದು ಸಲ ಮೇಲಿದ್ದ ಹುಡುಗಿ ಜಾರಿ ಕಾಲರ್‌ಬೋನ್ ಮುರೀತು. ಆಮೇಲೆ ಎರಡಂತಸ್ತಿನ ಮೇಲೆ ಕಟ್ಟಿಸಲಿಲ್ಲ. ನಾಲ್ಕು ಕಾಲಲ್ಲಿ ನಿಂತವರ ನಡುಬೆನ್ನ ಮೇಲೆ ಕಾಲಿಡಬಾರದು, ಸೊಂಟದ ಮೂಳೆ ಮೇಲೆ ಇಡಬೇಕು. ಎಷ್ಟೋ ಪಿಟಿ ಮೇಷ್ಟ್ರುಗಳಿಗೇ ಇದು ಗೊತ್ತಿಲ್ಲ.

ಪುಟ್ಟಿಯ ಅಮ್ಮ (ಸೋಮವಾರ ರಾತ್ರಿ)

ನನ್ನ ಮಗಳಿಗೆ ಹನ್ನೊಂದು ವರ್ಷ, ಡೌನ್ ಸಿಂಡ್ರೋಮ್. ಕುಣಿಯೋದು ಅಂದ್ರೆ ಪ್ರಾಣ. ಟಿವಿಯಲ್ಲಿ ಜಾಹೀರಾತು ಬಂದ್ರೂ ಎದ್ದು ನಿಲ್ತಾಳೆ.

ನೀವು ಬರೆದಿದ್ದು ಓದಿ ಖುಷಿ ಆಯ್ತು. ಆಮೇಲೆ ಭಯ ಆಯ್ತು. ಯಾಕಂದ್ರೆ ಈ ಖುಷಿ ನಂಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಅವಳ ಶಾಲೆಯ ವಾರ್ಷಿಕೋತ್ಸವದಲ್ಲಿ "ಎಲ್ಲರನ್ನೂ ಸೇರಿಸಿಕೊಂಡ" ಡ್ಯಾನ್ಸ್ ಇತ್ತು. ಮೂರು ವಾರ ಪ್ರಾಕ್ಟೀಸಿಗೆ ಕರ್ಕೊಂಡು ಹೋದೆ. ಆ ದಿನ ನೋಡಿದ್ರೆ ಇಪ್ಪತ್ತು ಮಕ್ಕಳು ನಡುವೆ ಕುಣಿತಿದ್ದಾರೆ, ನನ್ನ ಮಗಳು ಸ್ಟೇಜಿನ ಮೂಲೆಯಲ್ಲಿ ಬಾವುಟ ಹಿಡ್ಕೊಂಡು ನಿಂತಿದ್ದಾಳೆ. ಕೊನೆಗೆ ಎಲ್ರೂ ಎದ್ದು ಚಪ್ಪಾಳೆ ತಟ್ಟಿದ್ರು, ಅವಳಿಗೇ ಜಾಸ್ತಿ. ಮನೆಗೆ ಬಂದು ಕೇಳಿದ್ಲು, "ಅಮ್ಮ, ನಾನು ಯಾವಾಗ ಕುಣಿಯೋದು?"

ಅದಕ್ಕೇ ಕೇಳ್ತಿದ್ದೀನಿ, ನೇರವಾಗಿ ಹೇಳಿ. ನಿಮ್ಮ ತಂಡದಲ್ಲಿ ಇವಳು ಏನು ಮಾಡ್ತಾಳೆ?

ತುಂಗಾದಡ (ಸೋಮವಾರ ರಾತ್ರಿ)

ಅಕ್ಕ, ಖಂಡಿತ ಒಳ್ಳೆ ಪಾತ್ರ ಇರುತ್ತೆ. ಉದಾಹರಣೆಗೆ ಕೊನೆಯ ಪೋಸಿನಲ್ಲಿ ಮುಂದೆ ನಡುವೆ ನಿಲ್ಲಿಸಬಹುದು, ಕೈಯಲ್ಲಿ ರಿಬ್ಬನ್ ಕೊಟ್ಟು. ಎಲ್ರ ಕಣ್ಣೂ ಅವಳ ಮೇಲೇ ಇರುತ್ತೆ.

ಗಾಲಿ ಭದ್ರಾವತಿ (ಸೋಮವಾರ ರಾತ್ರಿ)

ಅದೂ ಬಾವುಟವೇ ಸಾರ್. ಬಣ್ಣ ಬೇರೆ ಅಷ್ಟೆ.

ಪುಟ್ಟಿಯ ಅಮ್ಮ (ಸೋಮವಾರ ರಾತ್ರಿ)

👆

ಫಿಸಿಯೋ (ಮಂಗಳವಾರ ಬೆಳಿಗ್ಗೆ)

ಪಾತ್ರದ ಮಾತು ಆಮೇಲೆ. "ಮೊದಲ ದಿನ ಎಲ್ರಿಗೂ ಫಾರ್ವರ್ಡ್ ರೋಲ್" ಅನ್ನೋದು ಓದಿ ನಾನು ಕೈಲಿದ್ದ ಕಾಫಿ ಕೆಳಗಿಟ್ಟೆ.

ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲಿ ಕೀಲು ಹಿಡಿದಿಡೋ ಕಟ್ಟುಗಳು ಸಡಿಲ ಇರ್ತವೆ. ಕತ್ತಿನ ಮೇಲ್ತುದಿಯ ಮೊದಲೆರಡು ಮೂಳೆ ಇದಾವಲ್ಲ, ಅಟ್ಲಾಸ್ ಮತ್ತು ಆಕ್ಸಿಸ್, ಅವುಗಳ ನಡುವೆಯೂ ಕೆಲವರಿಗೆ ಈ ಸಡಿಲ ಇರುತ್ತೆ. ಎಕ್ಸ್‌ರೇಯಲ್ಲಿ ಹತ್ತರಲ್ಲಿ ಒಂದೆರಡು ಮಕ್ಕಳಲ್ಲಿ ಕಾಣಬಹುದು, ತೊಂದರೆ ಕೊಡೋದು ಅದಕ್ಕಿಂತ ತುಂಬಾ ಕಡಿಮೆ ಜನಕ್ಕೆ. ಆದ್ರೆ ಆ ಮೂಳೆಗಳ ಒಳಗೇ ಬೆನ್ನುಹುರಿ ಹೋಗೋದು. ತಲೆ ಕೆಳಗಾಗಿ ಕತ್ತು ಜೋರಾಗಿ ಬಗ್ಗೋ ಆಟ, ಅಂದ್ರೆ ಲಾಗ, ತಲೆ ಮೇಲೆ ನಿಲ್ಲೋದು, ಟ್ರ್ಯಾಂಪೊಲಿನ್, ಇದೆಲ್ಲ ವೈದ್ಯರು ಕತ್ತು, ನರ ಪರೀಕ್ಷೆ ಮಾಡಿ ಒಪ್ಪಿಗೆ ಕೊಡೋ ತನಕ ಬೇಡ. ಹೊರದೇಶದ ಜಿಮ್ನಾಸ್ಟಿಕ್ಸ್ ಸಂಸ್ಥೆಗಳು, ಸ್ಪೆಷಲ್ ಒಲಿಂಪಿಕ್ಸ್‌ನವರು ಇದಕ್ಕೇ ಬೇರೆ ನಿಯಮ ಇಟ್ಟಿದ್ದಾರೆ. ಒಂದು ಎಕ್ಸ್‌ರೇ ಚೆನ್ನಾಗಿ ಬಂತು ಅಂತ ಮರೆತುಬಿಡೋ ಹಾಗೂ ಇಲ್ಲ. ನಡಿಗೆ ಬದಲಾಗೋದು, ಕೈ ಹಿಡಿತ ಸಡಿಲ ಆಗೋದು, ಕತ್ತು ಒಂದು ಕಡೆ ವಾಲೋದು, ಕತ್ತು ನೋವು, ಇದ್ದಕ್ಕಿದ್ದಂಗೆ ಮೂತ್ರದ ಹಿಡಿತ ತಪ್ಪೋದು, ಇವು ಯಾವಾಗ ಕಂಡ್ರೂ ಆಟ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಬೇಕು.

ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸೋಕೆ ಆಪರೇಷನ್ ಮಾಡಿ ಒಳಗೆ ಕೂರಿಸೋ ಸಾಧನ) ಇರೋ ಮಕ್ಕಳಿದ್ರೆ ಅವರ ಶಸ್ತ್ರಚಿಕಿತ್ಸೆ ಮಾಡಿದವರನ್ನ ಕೇಳಿ. ತಲೆಗೆ ಏಟು ಬೀಳಬಾರದು. ಟ್ರ್ಯಾಂಪೊಲಿನ್, ಪ್ಲಾಸ್ಟಿಕ್ ಜಾರುಬಂಡಿ ಮೇಲೆ ಮೈಗೆ ಸ್ಥಿರ ವಿದ್ಯುತ್ ಹತ್ತುತ್ತೆ, ಅಂಥ ಕಡೆ ಹೊರಗಿನ ಯಂತ್ರ ತೆಗೆದಿಡೋಕೆ ಹೇಳ್ತಾರೆ. ತೆಗೆದಿಟ್ಟ ಮೇಲೆ ಆ ಮಗುವಿಗೆ ಏನೂ ಕೇಳಲ್ಲ. ವಿಸಿಲ್ ಊದಿ ಪ್ರಯೋಜನ ಇಲ್ಲ ಮೇಷ್ಟ್ರೆ 🙂

ಹೆದರಿಸ್ತಿಲ್ಲ. ಈ ಮಕ್ಕಳಿಗೆ ಆಟ ಬೇಡ ಅಂತಲೂ ಹೇಳ್ತಿಲ್ಲ, ಇವರಿಗೆ ಬೇರೆಯವರಿಗಿಂತ ಜಾಸ್ತಿನೇ ಬೇಕು. ಮೈಕೈ ಸಡಿಲ ಇರೋ ಮಗುವಿಗೆ, ವೈದ್ಯರು ಒಪ್ಪಿದ ಮೇಲೆ, ಬೆಂಚಿಂದ ಹಾರಿ ಸರಿಯಾಗಿ ಇಳಿಯೋದು ಔಷಧಿ ಇದ್ದಂಗೆ.

ಪುಟ್ಟಿಯ ಅಮ್ಮ (ಮಂಗಳವಾರ ಬೆಳಿಗ್ಗೆ)

ಹನ್ನೊಂದು ವರ್ಷದಲ್ಲಿ ಹೃದಯ ನೋಡಿದ್ರು, ಥೈರಾಯ್ಡ್ ನೋಡಿದ್ರು, ಕಣ್ಣು ಕಿವಿ ಎಲ್ಲ ನೋಡಿದ್ರು. ಕತ್ತಿನ ವಿಷಯ ಒಬ್ಬರೂ ಹೇಳಿರಲಿಲ್ಲ. ಮನೆಯಲ್ಲಿ ಹಾಸಿಗೆ ಮೇಲೆ ದಿನಾ ಲಗಾಟಿ ಹೊಡಿತಾಳೆ. ಇವತ್ತೇ ಅಪಾಯಿಂಟ್‌ಮೆಂಟ್ ತಗೊಳ್ತೀನಿ.

ತುಂಗಾದಡ (ಮಂಗಳವಾರ ಮಧ್ಯಾಹ್ನ)

ಫಿಸಿಯೋ ಅವ್ರೇ, ನಿಮ್ಮ ಮಾತು ಓದಿ ಬೆವರಿದೆ. ನಾನು ವೀಡಿಯೋ ನೋಡಿ ಪ್ಲಾನ್ ಮಾಡಿದವನು. ಫಾರ್ವರ್ಡ್ ರೋಲ್ ತೆಗೆದೆ. ಅಕ್ಕ, ನಿಮಗೂ ಕ್ಷಮೆ. ರಿಬ್ಬನ್ ಮಾತು ಬರೆಯೋವಾಗ ಅದು ಬಾವುಟವೇ ಅಂತ ನಂಗೆ ಹೊಳೆದೇ ಇರಲಿಲ್ಲ.

ಬೆಂಗಳೂರು ಬಿಟ್ಟವಳು (ಮಂಗಳವಾರ ಸಂಜೆ)

ನನ್ನ ಅಕ್ಕನ ಮಗಳು ಬೆಂಗಳೂರಲ್ಲಿ ನಾಲ್ಕು ವರ್ಷ ಜಿಮ್ನಾಸ್ಟಿಕ್ಸ್ ಮಾಡಿ ಬಿಟ್ಟಳು. ಕಾರಣ ತೂಕ. ಒಂಬತ್ತು ವರ್ಷದ ಹುಡುಗಿಯನ್ನ ಎಲ್ರ ಮುಂದೆ ತೂಕದ ಮೆಷಿನ್ ಮೇಲೆ ನಿಲ್ಲಿಸ್ತಿದ್ರು. ಈಗ ಹದಿನಾರು, ಇನ್ನೂ ಎಲ್ರ ಜೊತೆ ಕೂತು ಊಟ ಮಾಡೋಕೆ ಸಂಕೋಚ ಪಡ್ತಾಳೆ.

ಬ್ರಿಟನ್ನಿನ ಜಿಮ್ನಾಸ್ಟಿಕ್ಸ್ ಸಂಸ್ಥೆ ಬಗ್ಗೆ 2022ರಲ್ಲಿ ವೈಟ್ ರಿವ್ಯೂ ಅಂತ ತನಿಖಾ ವರದಿ ಬಂತು. 400ಕ್ಕೂ ಹೆಚ್ಚು ಹೇಳಿಕೆ ಬಂದಿದ್ವು. ಅದರಲ್ಲೂ ಇದೇ: ತೂಕದ ಹಿಂಸೆ, ಗಾಯ ಆದ್ರೂ ಮಾಡು ಅನ್ನೋದು, ಬೈಗುಳ. ಅಂಥ ಹಳೇ ಸಂಸ್ಥೆಯಲ್ಲೇ ಹಿಂಗೆ. ಹಾಗಾಗಿ ನಿಮ್ಮ ಕ್ಲಬ್ಬಲ್ಲಿ ಮೂರು ವಿಷಯ ಬರೆದು ಗೋಡೆಗೆ ಅಂಟಿಸಿ. ತೂಕ ನೋಡೋದಿಲ್ಲ. ಬಾಗಿಲು ತೆರೆದಿರುತ್ತೆ, ಅಪ್ಪ ಅಮ್ಮ ಯಾವಾಗ ಬೇಕಾದ್ರೂ ಕೂತು ನೋಡಬಹುದು. ಮಗುವನ್ನ ಹಿಡಿಯೋ ಮುಂಚೆ ಎಲ್ಲಿ ಹಿಡಿತೀನಿ ಅಂತ ಹೇಳಿ, ಕೇಳಿ, ಆಮೇಲೆ ಹಿಡಿಯೋದು. ಮಾತು ಬಾರದ ಮಗು ಆದ್ರೆ ತಲೆ ಆಡಿಸೋಕೆ ಹೇಳಿಕೊಡಿ, ಆದ್ರೆ ಕೇಳದೆ ಮುಟ್ಟಬೇಡಿ.

ಗರಡಿಮನೆ (ಮಂಗಳವಾರ ಸಂಜೆ)

ಇದು ಸರಿ. ನಮ್ಮಲ್ಲಿ ಉಸ್ತಾದರು ಕೇಳದೇ ಕತ್ತು ಹಿಡಿಯೋರು, ನಾವು ಬಾಯಿ ಮುಚ್ಚಿಕೊಂಡಿದ್ವಿ. ಆ ಕಾಲ ಬೇರೆ.

ಬೆಂಗಳೂರು ಬಿಟ್ಟವಳು (ಮಂಗಳವಾರ ಸಂಜೆ)

ಆ ಕಾಲದಲ್ಲೂ ಕೇಳಿದ್ರೆ ನಿಮಗೆ ಇಷ್ಟ ಆಗ್ತಿತ್ತು ಅಣ್ಣ.

ಪಲ್ಟಿರಾಜ (ಮಂಗಳವಾರ ರಾತ್ರಿ)

ನಮ್ಮ ಜಿಮ್ನಾಸ್ಟ್ ದೀಪಾ ಕರ್ಮಾಕರ್‌ದು ಚಪ್ಪಟೆ ಪಾದ ಅಂತೆ, ಆದ್ರೂ 2016ರ ರಿಯೋ ಒಲಿಂಪಿಕ್ಸ್ ವಾಲ್ಟಲ್ಲಿ ನಾಲ್ಕನೇ ಸ್ಥಾನ. 15.066 ಪಾಯಿಂಟ್, ಕಂಚು ಹೋಗಿದ್ದು ಬರೀ 0.15ರಲ್ಲಿ. ಅಗರ್ತಲಾದಂಥ ಊರಿಂದ ಬಂದೋರು. ಶಿವಮೊಗ್ಗದಿಂದ ಯಾಕಾಗಲ್ಲ? ಪದಕದ ಬ್ಯಾಚ್ ಮಾಡಿ, ಇದನ್ನೂ ಸೈಡಲ್ಲಿ ಮಾಡಿ.

ಪಿಟಿ ಮೇಷ್ಟ್ರು (ಮಂಗಳವಾರ ರಾತ್ರಿ)

ಆಗಲಿ ತಮ್ಮಾ, ಆದ್ರೆ ಆ ಹುಡುಗಿ ಹಿಂದೆ ದಿನವಿಡೀ ನಿಂತ ಒಬ್ಬ ಕೋಚ್ ಇದ್ರು. ನಮ್ಮ ಹತ್ರ ವಾರಕ್ಕೆ ನಾಲ್ಕು ತಾಸು, ಒಂದು ಸೋರೋ ಹಾಲ್ ಇದೆ. ಎರಡು ಬ್ಯಾಚ್ ಮಾಡಿದ್ರೆ ಮುಂದಿನ ವರ್ಷದ ಹೊತ್ತಿಗೆ ಯಾವುದಕ್ಕೆ ಹಾಲ್ ಸಿಗುತ್ತೆ, ಯಾವುದು ವರಾಂಡಕ್ಕೆ ಹೋಗುತ್ತೆ, ನಂಗೆ ಗೊತ್ತು. ಸರ್ವಿಸಲ್ಲಿ ನೋಡಿ ನೋಡಿ ಸಾಕಾಗಿದೆ.

ಡೊಳ್ಳು ಸಾಗರ (ಬುಧವಾರ ಬೆಳಿಗ್ಗೆ)

ಪುಟ್ಟಿಯ ಅಮ್ಮ ಕೇಳಿದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನಾನು ಒಂದು ಪ್ರಯತ್ನ ಮಾಡ್ತೆ.

ನಾನು ಸಾಗರದ ಕಡೆಯವಳು, ಹೆಂಗಸರ ಡೊಳ್ಳು ತಂಡದಲ್ಲಿ ಹದಿನಾಲ್ಕು ವರ್ಷದಿಂದ ಬಾರಿಸ್ತಿದ್ದೇನೆ. ಡೊಳ್ಳಲ್ಲಿ ಸುತ್ತು ಕಟ್ತೇವೆ, ಸಾಲು ಒಡೆದು ಸೇರ್ತೇವೆ, ಒಬ್ಬರ ತೊಡೆ ಮೇಲೆ ಒಬ್ಬರು ನಿಂತು ಗೋಪುರವೂ ಕಟ್ತೇವೆ. ಯಾರೂ ಅದನ್ನ ಜಿಮ್ನಾಸ್ಟಿಕ್ಸ್ ಅಂತ ಕರೀಲಿಲ್ಲ ಅಷ್ಟೇ. ನಮ್ಮ ತಂಡದಲ್ಲಿ ಐವತ್ತೆಂಟು ವರ್ಷದ ಒಬ್ಬಳಿದ್ದಾಳೆ, ಮಂಡಿ ನೋವು, ಕುಪ್ಪಳಿಸೋಕೆ ಆಗಲ್ಲ. ಅವಳನ್ನ ಬದಿಗೆ ನಿಲ್ಲಿಸಿದ್ದಾ? ಇಲ್ಲ. ತಾಳ ಅವಳ ಕೈಯಲ್ಲಿದೆ. ಅವಳು ತಾಳದಲ್ಲಿ ನಡೆ ಬದಲಾಯಿಸಿದ್ರೆ ಮಾತ್ರ ನಾವು ಬದಲಾಯಿಸ್ತೇವೆ. ಒಂದು ಕಾರ್ಯಕ್ರಮಕ್ಕೆ ಅವಳು ಬರಲಿಲ್ಲ, ಅವತ್ತು ನಾವು ಹದಿನೈದು ಜನ ಹದಿನೈದು ದಿಕ್ಕಿಗೆ.

ಹಾಗೆ ಪುಟ್ಟಿಯನ್ನ ಯೋಚನೆ ಮಾಡಿ. ನೆಲದ ಆಟದಲ್ಲಿ ಸಾಲು ಒಡೆಯೋ ಗುರುತು ಅವಳದ್ದು. ಅವಳು ಎರಡು ಹೆಜ್ಜೆ ಮುಂದೆ ಬಂದು ನೆಲ ಬಡಿದ್ರೆ ಆ ಕಡೆ ಆರು ಜನ, ಈ ಕಡೆ ಆರು ಜನ. ಬಡಿಯದಿದ್ರೆ ಯಾರೂ ಅಲ್ಲಾಡೋ ಹಾಗಿಲ್ಲ. ತಡ ಆದ್ರೆ ಕಾಯಬೇಕು, ಪ್ರೇಕ್ಷಕರೂ ಕಾಯಲಿ. ಅವಳು ಅವತ್ತು ಬರಲಿಲ್ಲ ಅಂದ್ರೆ ಐಟಮ್ಮೇ ನಡೆಯಬಾರದು. ಬೇರೆಯವರ ಐಟಮ್ಮಿಗೆ ಅವಳನ್ನ ಸೇರಿಸೋದು ಬೇರೆ, ಅವಳಿಲ್ಲದೆ ಐಟಮ್ಮೇ ಇಲ್ಲದ ಹಾಗೆ ಕಟ್ಟೋದು ಬೇರೆ.

ಪಿಟಿ ಮೇಷ್ಟ್ರು (ಬುಧವಾರ ಮಧ್ಯಾಹ್ನ)

ಭಪ್ಪರೆ! ಇದೇ ನನ್ನ ತಲೆಯಲ್ಲಿ ಆಡ್ತಿತ್ತು, ಬಾಯಿಗೆ ಬಂದಿರಲಿಲ್ಲ.

ಸಾಲಾಗಿ ಹಾರೋ ಭಾಗಕ್ಕೂ ದಾರಿ ಇದೆ. ಟೀಮ್‌ಜಿಮ್ ನಿಯಮ ತೆಗೆದು ಓದಿದೆ. ಟಂಬ್ಲಿಂಗಲ್ಲಿ, ಅಂದ್ರೆ ಆ ಉದ್ದನೆ ಟ್ರ್ಯಾಕಿನ ಭಾಗದಲ್ಲಿ, ಮೂರು ಸುತ್ತು, ಸುತ್ತಿಗೆ ಆರು ಜನ. ಒಂದು ಸುತ್ತಲ್ಲಿ ಆರೂ ಜನ ಒಂದೇ ಕಸರತ್ತು ಮಾಡಬೇಕು. ಉಳಿದ ಸುತ್ತುಗಳಲ್ಲಿ ಹಿಂದೆ ಬರೋರು ಮುಂದಿನವರಿಗಿಂತ ಕಷ್ಟದ್ದು ಮಾಡ್ತಾ ಏರಿಸಿಕೊಂಡು ಹೋಗಬಹುದು. ನಮಗೆ ಹೇಳಿ ಮಾಡಿಸಿದ ಹಾಗಿದೆ ನೋಡಿ. ಎಲ್ಲರದ್ದೂ ಒಂದೇ ಅನ್ನೋ ಸುತ್ತಿಗೆ ಎಲ್ಲರಿಗೂ ಆಗೋದನ್ನೇ ಆರಿಸೋದು, ಬೆಂಚಿಂದ ಹಾರೋದು ಅಂದ್ಕೊಳ್ಳಿ. ಅದನ್ನ ಕನ್ನಡಿಯಲ್ಲಿ ನೋಡಿದ ಹಾಗೆ ಒಂದೇ ಥರ ಮಾಡೋದಿದೆಯಲ್ಲ, ಅದು ಪಲ್ಟಿರಾಜನಿಗೂ ಸುಲಭ ಅಲ್ಲ. ಏರಿಸೋ ಸುತ್ತಿಗೆ ಅವರವರ ಶಕ್ತಿ. ಪುಟ್ಟಿ ಬೆಂಚಿಂದ ಹಾರಿ ಶುರು ಮಾಡಿದ್ರೆ ಕೊನೆಗೆ ಬರೋನು ಕಾರ್ಟ್‌ವೀಲ್ (ಕೈಯೂರಿ ಚಕ್ರದ ಥರ ಪಕ್ಕಕ್ಕೆ ತಿರುಗೋದು) ಹೊಡಿಲಿ. ಶುರು ಮಾಡಿದವಳ ನಡಿಗೆ ವೇಗವೇ ಸಾಲಿನ ವೇಗ.

ಸ್ಪರ್ಧೆಯಲ್ಲಿ ಹಾಡಿಲ್ಲದ ಬರೀ ವಾದ್ಯ ಸಂಗೀತ. ಡೊಳ್ಳು ಅಲ್ಲಿಗೂ ನಡೆಯುತ್ತೆ!

ಡೊಳ್ಳು ಸಾಗರ (ಬುಧವಾರ ಸಂಜೆ)

ಕಿವಿ ಕೇಳದ ಮಕ್ಕಳಿಗೂ ಡೊಳ್ಳು ಅಡ್ಡಿಲ್ಲೆ ಮೇಷ್ಟ್ರೆ. ಮರದ ಹಲಗೆ ಮೇಲೆ ಬರಿಗಾಲಲ್ಲಿ ನಿಂತ್ರೆ ಪೆಟ್ಟು ಕಾಲಿಂದ ಹೊಟ್ಟೆಗೆ ಬರ್ತು. ಸ್ಪೀಕರ್ ಹಾಡಲ್ಲಿ ಅದು ಬರಲ್ಲ. ನಿಮ್ಮ ಹಾಲ್ ನೆಲ ಮರದ್ದಾ ರೆಡ್ ಆಕ್ಸೈಡಾ?

ತುಂಗಾದಡ (ಬುಧವಾರ ಸಂಜೆ)

ರೆಡ್ ಆಕ್ಸೈಡು. ಆದ್ರೆ ಹಳೇ ಸ್ಟೇಜಿನ ಹಲಗೆಗಳು ಗೋಡೌನಲ್ಲಿ ಇದಾವೆ.

ಮೌನದಪ್ಪ (ಬುಧವಾರ ರಾತ್ರಿ)

ಡೊಳ್ಳಿಗೆ ನನ್ನ ಮಗ ಹೊರಗೆ ಓಡಿಹೋಗ್ತಾನೆ. ಆಟಿಸಂ ಇದೆ, ಒಂಬತ್ತು ವರ್ಷ. ಸದ್ದು ಆಗಲ್ಲ. ಬೇಡ ಅಂತ ಹೇಳ್ತಿಲ್ಲ, ಇದೂ ಲೆಕ್ಕಕ್ಕಿರಲಿ ಅಂತ. ಸಾಲಲ್ಲಿ ಕಾಯೋದೂ ಅವನಿಗೆ ಕಷ್ಟ. ಆದ್ರೆ ಮುಂದೆ ಏನು ಅಂತ ಚಿತ್ರದಲ್ಲಿ ತೋರಿಸಿದ್ರೆ ಗಡಿಯಾರದ ಥರ ಮಾಡ್ತಾನೆ, ಒಂದು ಹೆಜ್ಜೆ ತಪ್ಪಲ್ಲ. ನೀವು ತಪ್ಪಿದ್ರೆ ನಿಮ್ಮನ್ನ ಸರಿ ಮಾಡ್ತಾನೆ.

ಫಿಸಿಯೋ (ಬುಧವಾರ ರಾತ್ರಿ)

ಪ್ರಾಕ್ಟೀಸಿಗೆ ಬರೀ ಅಂಗೈ ತಾಳ ಸಾಕು. ಡೊಳ್ಳು ಬಂದ ದಿನ ಅವನಿಗೆ ಕಿವಿ ಮುಚ್ಚೋ ಮಫ್ ಹಾಕಿ ಬಾಗಿಲ ಹತ್ರದ ಜಾಗ ಕೊಡಿ. ಅಂದ ಹಾಗೆ ಗೋಡೆಗೆ ಚಿತ್ರದ ಪಟ್ಟಿ ಅಂಟಿಸೋದು ಎಲ್ಲ ಮಕ್ಕಳಿಗೂ ಒಳ್ಳೇದು. "ಮೇಷ್ಟ್ರೆ ಇನ್ನೆಷ್ಟೊತ್ತು" ಅನ್ನೋ ಪ್ರಶ್ನೆ ನಿಲ್ಲುತ್ತೆ.

ಲೆಕ್ಕದವ (ಗುರುವಾರ ಬೆಳಿಗ್ಗೆ)

ಎಲ್ರೂ ಕನಸು ಕಂಡಿದ್ದಾಯ್ತು, ಈಗ ನಾನು.

ಟ್ರ್ಯಾಂಪೆಟ್ ಇಲ್ಲ ಅಂದ ಮೇಷ್ಟ್ರಿಗೆ ದೊಡ್ಡ ನಮಸ್ಕಾರ, ಬಜೆಟ್ ಅರ್ಧ ಇಳಿತು. ಮ್ಯಾಟಿಗೆ ಹೊಸ ಜಿಮ್ನಾಸ್ಟಿಕ್ಸ್ ಮ್ಯಾಟೇ ಬೇಕಾ, ಕಬಡ್ಡಿಗೆ ಹಾಕೋ ಒಂದು ಮೀಟರ್ ಚೌಕದ ಜೋಡಿಸೋ ಮ್ಯಾಟ್ ಸಾಕಾ? ಎರಡನೇದು ಸಾಕಂದ್ರೆ ಹಳೇದು ಸಿಗೋ ಜಾಗ ಗೊತ್ತು. ಫೀಸು ತಿಂಗಳಿಗೆ 500, ಕಟ್ಟೋಕಾಗದವರ ಬಗ್ಗೆ ಕಮಿಟಿ ಬಾಯಿ ಬಿಡಬಾರದು, ಪಟ್ಟಿ ನನ್ನ ಹತ್ರ ಮಾತ್ರ ಇರುತ್ತೆ. ಬೋರ್ಡಿಗೆ ಹಾಕಿ "ಉಚಿತ ಸೀಟು" ಅಂತ ಫೋಟೋ ತೆಗೆಸೋ ಕೆಲಸಕ್ಕೆ ನನ್ನ ವಿರೋಧ ಇದೆ, ಈಗಲೇ ಹೇಳಿರ್ತೀನಿ.

ಪಿಟಿ ಮೇಷ್ಟ್ರು (ಗುರುವಾರ ಬೆಳಿಗ್ಗೆ)

ನಡೆಯೋಕೆ, ಉರುಳೋಕೆ ಕಬಡ್ಡಿ ಮ್ಯಾಟ್ ಸಾಕು. ಬೆಂಚಿಂದ ಇಳಿಯೋ ಜಾಗಕ್ಕೆ ಮಾತ್ರ ಒಂದು ದಪ್ಪ ಮ್ಯಾಟ್ ಬೇಕೇ ಬೇಕು, ಅದರಲ್ಲಿ ಉಳಿಸೋಕೆ ಹೋಗಬೇಡಿ.

ಖರ್ಚಿಗಿಂತ ದೊಡ್ಡ ಶತ್ರು ಬೂಷ್ಟು. ಜೂನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ರೆಕ್ಸಿನ್ ಒಳಗಿನ ಸ್ಪಂಜು ಉಳಿಯುತ್ತಾ? ಮ್ಯಾಟನ್ನ ನೆಲದ ಮೇಲೆ ಬಿಡಬೇಡಿ, ಗೋಡೆಗೆ ಒರಗಿಸಬೇಡಿ. ಅಡಿಕೆ ದಬ್ಬೆಯಲ್ಲಿ ಒಂದು ಅಟ್ಟಣಿಗೆ ಮಾಡಿಸಿ ಅದರ ಮೇಲೆ ನಿಲ್ಲಿಸಿ, ನಡುವೆ ಗಾಳಿ ಆಡಲಿ. ಬಿಸಿಲು ಬಂದ ದಿನ ಹೊರಗೆ ಹಾಕಿ. ಒಂದು ಶಾಲೆಯಲ್ಲಿ ನಾನು ಕಷ್ಟಪಟ್ಟು ತರಿಸಿದ ಮ್ಯಾಟು ಒಂದೇ ಮಳೆಗಾಲಕ್ಕೆ ಅಣಬೆ ತೋಟ ಆಯ್ತು.

ಗರಡಿಮನೆ (ಗುರುವಾರ ಮಧ್ಯಾಹ್ನ)

ದಬ್ಬೆ ನಮ್ಮ ತೋಟದ್ದು ತರ್ತೀನಿ. ಕಂಬದ ಮಾತು ಬಿಟ್ಟಿಲ್ಲ, ಅದು ಮುಂದಿನ ವರ್ಷ. ಅಲ್ಲೀ ತನಕ ಬೈಠಕ್, ದಂಡ ಮಾಡಿಸ್ತೀನಿ. ಕೂತು ಮಾಡೋಕಾಗೋ ದಂಡ ಇದೆಯಾ ಅಂತ ಯೋಚಿಸ್ತಿದ್ದೆ, ಗಾಲಿ ಕುರ್ಚಿಯ ಕೈಯೂರೋ ಕಂಬಿ ಹಿಡಿದು ಮೈ ಎತ್ತಬಹುದಲ್ಲ? ಗಾಲಿ ಭದ್ರಾವತಿ ಅವರೇ, ಆಗುತ್ತಾ?

ಗಾಲಿ ಭದ್ರಾವತಿ (ಗುರುವಾರ ಸಂಜೆ)

ದಿನಾ ಮಾಡ್ತೀನಿ ಅಣ್ಣ, ಕೂತು ಕೂತು ಹುಣ್ಣಾಗಬಾರದು ಅಂತ. ಅದಕ್ಕೆ ದಂಡ ಅಂತ ಹೆಸರಿಟ್ಟಿರಲಿಲ್ಲ. ಬ್ರೇಕ್ ಹಾಕಿ, ಹಿಂದೆ ಒಬ್ಬರು ಕುರ್ಚಿ ಹಿಡಿದ್ರೆ ಮಕ್ಕಳೂ ಮಾಡಬಹುದು.

ನಂದು ಎರಡು ಮಾತು. ಒಂದು, 14 ವರ್ಷಕ್ಕೆ ಯಾಕೆ ನಿಲ್ಲಿಸ್ತೀರಿ? ನಂಗೆ 27. ನೀವೇ ಹೇಳಿದ ಆ ಜಾತ್ರೆಗೆ ಅಜ್ಜಿಯರು ಹೋಗ್ತಾರಂತೆ. ಶಾಲೆ ಮುಗಿದ ಮೇಲೆ ನಮ್ಮಂಥವರಿಗೆ ಊರಲ್ಲಿ ಇರೋ ಆಟ ಅಂದ್ರೆ ವರ್ಷಕ್ಕೊಂದು ಸಲ ಡಿಸೆಂಬರ್ 3ರ ವಿಕಲಚೇತನರ ದಿನದ ಮ್ಯೂಸಿಕಲ್ ಚೇರು. ನಾನು ಕುರ್ಚಿ ಸಮೇತ ಬರ್ತೀನಿ, ಗೆಲ್ಲೋದು ನಾನೇ ಅಂತ ಪ್ರತಿ ವರ್ಷ ಅದೇ ಜೋಕು.

ಎರಡನೇದು, ಒಳಗೆ ಬರೋದು ಹೆಂಗೆ? ಹೋದ ವರ್ಷ ಒಂದು ಮದುವೆ ಊಟಕ್ಕೆ ನಿಮ್ಮ ಹಾಲಿಗೆ ಬಂದಿದ್ದೆ. ಮುಂದೆ ನಾಲ್ಕು ಮೆಟ್ಟಿಲು, ನಾಲ್ಕು ಜನ ಹೊತ್ತು ಹತ್ತಿಸಿದ್ರು. ದೇವರ ಪಲ್ಲಕ್ಕಿ ಥರ ಹೋಗೋದು ವರ್ಷಕ್ಕೊಂದು ಸಲ ಸರಿ, ವಾರಕ್ಕೆರಡು ಸಲ ಆಗಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆ ಬಗ್ಗೆನೇ ಇದೆ, ಆದ್ರೆ ಅದು ಸರ್ಕಾರಕ್ಕೆ ಹೇಳೋದು, ನಿಮ್ಮ ಮೆಟ್ಟಿಲಿಗಲ್ಲ. ನಿಮ್ಮ ಮೆಟ್ಟಿಲು ನೀವೇ ನೋಡಬೇಕು.

ತುಂಗಾದಡ (ಗುರುವಾರ ರಾತ್ರಿ)

ಈಗ ಟಾರ್ಚು, ಟೇಪು ಹಿಡ್ಕೊಂಡು ಹೋಗಿ ಅಳೆದು ಬಂದೆ. ಮುಂದಿನ ಮೆಟ್ಟಿಲು ಒಟ್ಟು ಎರಡಡಿ ಎತ್ತರ. ಪಕ್ಕದ ಬಾಗಿಲು, ಶಟಲ್‌ನವರು ಸ್ಕೂಟರ್ ನಿಲ್ಲಿಸ್ತಾರಲ್ಲ ಆ ಕಡೆ, ಅಲ್ಲಿ ಹೊಸ್ತಿಲೊಂದೇ, ಐದು ಇಂಚು. ಬಾಗಿಲಗಲ ಮೂರಡಿ ಎರಡಿಂಚು. ಟಾಯ್ಲೆಟ್ ಬಾಗಿಲು ಎರಡೂಕಾಲು ಅಡಿ.

ಗಾಲಿ ಭದ್ರಾವತಿ (ಗುರುವಾರ ರಾತ್ರಿ)

ಒಂದಕ್ಕೆ ಹನ್ನೆರಡರ ಲೆಕ್ಕ. ಐದು ಇಂಚು ಏರೋಕೆ ಅರವತ್ತು ಇಂಚು ಉದ್ದ, ಅಂದ್ರೆ ಐದಡಿ ರಾಂಪ್ ಸಾಕು. ಮುಂದಿನ ಮೆಟ್ಟಿಲಿಗೆ ಆಗಿದ್ರೆ ಇಪ್ಪತ್ನಾಲ್ಕು ಅಡಿ ಬೇಕಿತ್ತು, ರಸ್ತೆಗೇ ಬರ್ತಿತ್ತು. ಟಾಯ್ಲೆಟ್ ಬಾಗಿಲು ಆಗಲ್ಲ, ನನ್ನ ಕುರ್ಚಿಯೇ ಎರಡಡಿ, ಕೈ ಎಲ್ಲಿಡ್ಲಿ? ಮೂರಡಿ ಮಾಡಿಸಿ, ಬಾಗಿಲು ಹೊರಕ್ಕೆ ತೆಗೆಯೋ ಹಾಗೆ.

ಲೆಕ್ಕದವ (ಗುರುವಾರ ರಾತ್ರಿ)

ಸ್ಕೂಟರ್ ಎಲ್ಲಿ ನಿಲ್ಲಿಸಬೇಕು ಅಂತ ಶಟಲ್‌ನವರ ಜೊತೆ ಜಗಳ ಗ್ಯಾರಂಟಿ. ಆ ಜಗಳ ನಾನು ಮಾಡ್ತೀನಿ, ನಂಗೆ ಅಭ್ಯಾಸ ಇದೆ. ಸೋರೋ ಶೀಟಿನ ದುಡ್ಡು, ಟಾಯ್ಲೆಟ್ ಬಾಗಿಲು, ರಾಂಪು ಎಲ್ಲ ಒಂದೇ ಎಸ್ಟಿಮೇಟಲ್ಲಿ ಸೇರಿಸಿ ಭಾನುವಾರದ ಮೀಟಿಂಗಿಗೆ ಇಡ್ತೀನಿ.

ಪುಟ್ಟಿಯ ಅಮ್ಮ (ಶುಕ್ರವಾರ ಸಂಜೆ)

ಡಾಕ್ಟರ್ ಹತ್ರ ಹೋಗಿ ಬಂದೆ. ಕೈ ಕಾಲು ಹಿಡಿತ, ನಡಿಗೆ, ಕತ್ತು ಎಲ್ಲ ನೋಡಿದ್ರು. ಈಗ ತೊಂದರೆಯ ಲಕ್ಷಣ ಏನೂ ಇಲ್ಲ ಅಂದ್ರು, ಎಕ್ಸ್‌ರೇಗೂ ಬರೆದುಕೊಟ್ಟಿದ್ದಾರೆ. ಅದು ನೋಡೋ ತನಕ ಲಗಾಟಿ ಬಂದ್. ಬೆಂಚಿಂದ ಹಾರೋದಕ್ಕೂ ಅದು ಬಂದ ಮೇಲೇ ಹೇಳ್ತಾರಂತೆ. ಕುಣಿಯೋಕೆ, ನೆಲ ಬಡಿಯೋಕೆ ಅಡ್ಡಿ ಇಲ್ಲ.

ಮನೆಗೆ ಬಂದು ಹೇಳಿದೆ, ನೀನು ನೆಲ ಬಡಿದ್ರೆ ಮಾತ್ರ ಎಲ್ರೂ ಓಡ್ತಾರಂತೆ ಅಂತ. ಈಗ ಅರ್ಧ ಗಂಟೆಯಿಂದ ಅಡುಗೆಮನೆ ನೆಲ ಬಡಿತಿದ್ದಾಳೆ. ಪ್ರತಿ ಸಲ ಅವರಪ್ಪ ಎದ್ದು ಹಾಲಿಗೆ ಓಡಬೇಕು.

ಪಲ್ಟಿರಾಜ (ಶುಕ್ರವಾರ ರಾತ್ರಿ)

ಮೇಷ್ಟ್ರೆ, ನಂಗೆ 19, ತಂಡಕ್ಕೆ ಸೇರಿಸಲ್ಲ ಅಂದ್ರೂ ಪರ್ವಾಗಿಲ್ಲ. ಹಿಡಿಯೋಕೆ ಬರ್ತೀನಿ. ಬೀಳೋದು ಹೇಳಿಕೊಡಿ ಮೊದಲು.

ಪಿಟಿ ಮೇಷ್ಟ್ರು (ಶುಕ್ರವಾರ ರಾತ್ರಿ)

ಭಾನುವಾರ ಬೆಳಿಗ್ಗೆ 7ಕ್ಕೆ ಬಾ. ರೀಲ್ಸ್ ಮೊಬೈಲು ಮನೇಲಿಟ್ಟು ಬಾ.

ಗರಡಿಮನೆ (ಶುಕ್ರವಾರ ರಾತ್ರಿ)

ರಾಂಪಿಗೂ ದಬ್ಬೆಯೇ ಹಾಕಬಹುದಾ? ಇನ್ನೂ ಒಂದು ಹೊರೆ ಮಿಗುತ್ತೆ.

ಗಾಲಿ ಭದ್ರಾವತಿ (ಶುಕ್ರವಾರ ರಾತ್ರಿ)

ಬೇಡ ಅಣ್ಣ, ಮಳೆಗೆ ಪಾಚಿ ಕಟ್ಟಿ ಜಾರುತ್ತೆ. ಸಿಮೆಂಟೇ ಮಾಡಿಸಿ. ಹಸಿ ಇರೋವಾಗ್ಲೇ ಪೊರಕೆಯಲ್ಲಿ ಅಡ್ಡಡ್ಡ ಗೀರು ಹಾಕಿಸಿ, ನುಣ್ಣಗೆ ಮಾಡೋಕೆ ಮೇಸ್ತ್ರಿಗೆ ಬಿಡಬೇಡಿ. ಅವರಿಗೆ ನುಣುಪು ಮಾಡದಿದ್ರೆ ಕೆಲಸ ಮಾಡಿದ ಹಾಗೆ ಅನ್ಸಲ್ಲ, ಪಕ್ಕದಲ್ಲೇ ನಿಂತಿರಬೇಕು.

ತುಂಗಾದಡ (ಶುಕ್ರವಾರ ರಾತ್ರಿ)

ನಿಂತಿರ್ತೀನಿ.